ಅಮೃತಾಪುರದ ಇರುಳು

ಅಮೃತಾಪುರಕ್ಕೆ ಹೋಗುವವರು ಸಾಮಾನ್ಯವಾಗಿ ಹಗಲಿನಲ್ಲಿ ಹೋಗಿ ಸಂಜೆಯೊಳಗೆ ತರೀಕೆರೆಗೆ ಮರಳುವರು. ವೀರಬಲ್ಲಾಳನ ದಂಡನಾಯಕನು 1196ರಲ್ಲಿ ಕಟ್ಟಿಸಿದ ಅಮೃತೇಶ್ವರನ ಗುಡಿ, ಮಲ್ಲಿತಮ್ಮನ ಕೈಯಿಂದ ಮೂಡಿದ ಭುವನೇಶ್ವರಿಗಳು, ಜನ್ನನ ಪದ್ಯಗಳುಳ್ಳ ಶಾಸನ, ಇಷ್ಟನ್ನು ನೋಡಿದರೆ ಯಾತ್ರೆ ಮುಗಿಯಿತೆಂದೇ ಅವರೆಣಿಕೆ. ಆದರೆ ಅಮಾವಾಸ್ಯೆಯ ಸುತ್ತಿನ ನಾಲ್ಕಾರು ಇರುಳುಗಳಲ್ಲಿ, ಊರ ದೀಪಗಳಿಗೆ ಬೆನ್ನುಮಾಡಿ ಹೊಲದ ಬದುವಿನ ಮೇಲೆ ಕುಳಿತವರಿಗೆ ಮತ್ತೊಂದು ಭುವನೇಶ್ವರಿಯೂ ಕಾಣುವುದುಂಟು.

ನಕ್ಷತ್ರ ನೋಡಲು ಬೆಟ್ಟವೇ ಬೇಕೆಂಬುದು ಪೇಟೆಯವರ ನಂಬಿಕೆ. 1930 ಮೀಟರು ಎತ್ತರದ ಮುಳ್ಳಯ್ಯನಗಿರಿಯು ಸಮೀಪದಲ್ಲಿಯೇ ಇರುವುದು ನಿಜ. ಆದರೆ ಅಲ್ಲಿ ಮಂಜಿನ ಮನಸ್ಸನ್ನು ಬಲ್ಲವರಾರು? ಲಕ್ಕವಳ್ಳಿಯ ಕಡೆಯ ಹುಲಿಗಳ ಕಾಡಿನಲ್ಲಿ ಇರುಳು ಅಲೆಯುವಂತಿಲ್ಲ. ಬಯಲೇ ಲೇಸು. ದಕ್ಷಿಣಕ್ಕಿರುವ ಬಾಬಾಬುಡನ್ ಶ್ರೇಣಿಯು ದಿಗಂತದ ಎರಡು ಮೂರು ಅಂಶಗಳನ್ನು ಮಾತ್ರ ಮರೆಮಾಡಬಲ್ಲುದು.

ಈ ದಕ್ಷಿಣ ದಿಗಂತವೇ ಇಲ್ಲಿಯ ಭಾಗ್ಯ. ಅಮೃತಾಪುರವು ಸುಮಾರು ಹದಿಮೂರು ಮುಕ್ಕಾಲು ಅಂಶ ಉತ್ತರ ಅಕ್ಷಾಂಶದಲ್ಲಿರುವುದರಿಂದ, ಕಾಶಿಯಲ್ಲಿ ನೆಲವನ್ನು ಸವರಿ ಮರೆಯಾಗುವ ತ್ರಿಶಂಕುವಿನ ಪಾದದ ತಾರೆ ಇಲ್ಲಿ ಹದಿಮೂರು ಅಂಶದಷ್ಟು ಮೇಲೇರುವುದು. ಫೆಬ್ರವರಿಯಲ್ಲಿ ರಾತ್ರಿ 9ರ ಸುಮಾರಿಗೆ ಅಗಸ್ತ್ಯನು ದಕ್ಷಿಣದಲ್ಲಿ ಬೆಳಗುವನು. ಏಪ್ರಿಲ್ ಕೊನೆಯಲ್ಲಿ 10 ಗಂಟೆ ಕಳೆದ ಮೇಲೆ ತ್ರಿಶಂಕುವು ನೆಟ್ಟಗೆ ನಿಲ್ಲುವನು. ಆಗ ಉತ್ತರದಲ್ಲಿ ಸಪ್ತರ್ಷಿಗಳು. ಯಾಗ ಮಾಡಿಸಲೊಲ್ಲದ ವಸಿಷ್ಠನು ಒಂದು ಕಡೆ, ಯಾಗಕ್ಕಾಗಿ ಹಂಬಲಿಸಿ ತಲೆಕೆಳಗಾದ ದೊರೆ ಇನ್ನೊಂದು ಕಡೆ!

ಆ ವಸಿಷ್ಠನ ಪಕ್ಕದಲ್ಲಿ ಅರುಂಧತಿಯಿರುವಳು. ಇಬ್ಬರ ನಡುವಿನ ಅಂತರವು ಅಂಶದ ಐದನೆಯ ಒಂದು ಪಾಲು. ಒಳ್ಳೆಯ ಕಣ್ಣಿಗೆ ಕತ್ತಲೆಯಲ್ಲಿ ಬೇರೆಬೇರೆಯಾಗಿ ತೋರುವರು. ಈಗಿನ ವಧೂವರರಿಗೆ ಪುರೋಹಿತರು ಕಲ್ಯಾಣಮಂಟಪದ ಸೂರಿನ ಕೆಳಗೆ, ನಡುಹಗಲಿನಲ್ಲಿ, ಅರುಂಧತಿಯನ್ನು ತೋರಿಸುತ್ತಾರೆ. ಅವರು ತಲೆಯೆತ್ತಿ "ಕಂಡೆವು" ಎನ್ನುತ್ತಾರೆ. ಹತ್ತು ವರ್ಷದ ಸಂಸಾರವಾದರೂ ನಿಜವಾಗಿ ಕಂಡಿರದ ದಂಪತಿಗಳೇ ಹೆಚ್ಚು. ಅಂಥವರನ್ನು ಒಂದು ರಾತ್ರಿ ಈ ಬದುವಿಗೆ ಕರೆತಂದರೆ, ಬಾಕಿಯಿರುವ ಒಂದು ಸಂಸ್ಕಾರವನ್ನು ಪೂರ್ಣಮಾಡಿದಂತಾದೀತು.

ರೈತರ ಮಾತೇ ಬೇರೆ. ಮಳೆಯನ್ನು ಅವರು ನಕ್ಷತ್ರದ ಹೆಸರಿನಿಂದಲೇ ಎಣಿಸುವರು. ಆದರೆ ಆರಿದ್ರೆಯ ಮಳೆ ಬೀಳುವಾಗ ಆರಿದ್ರಾ ನಕ್ಷತ್ರವು ಕಾಣುವುದಿಲ್ಲ; ಸೂರ್ಯನು ಅದರ ಬಳಿಯಲ್ಲಿಯೇ ಇರುವುದರಿಂದ ಅದು ಹಗಲಿನಲ್ಲಿ ಮುಳುಗಿರುವುದು. ಆ ಕೆಂಪು ತಾರೆಯನ್ನು ಕಾಣಬೇಕಾದರೆ ಡಿಸೆಂಬರ್, ಜನವರಿಗಳಲ್ಲಿ, ಹೊಲ ಒಣಗಿದ ಮೇಲೆ ಬರಬೇಕು.

ಕಣ್ಣು ಕತ್ತಲೆಗೆ ಒಗ್ಗಲು ಅರ್ಧ ಗಂಟೆಯಾದರೂ ಬೇಕು. ಒಂದೇ ಕಾರಿನ ಬೆಳಕು ಅದನ್ನು ಕ್ಷಣದಲ್ಲಿ ಕೆಡಿಸುವುದು. ಟಾರ್ಚಿಗೆ ಕೆಂಪು ಬಟ್ಟೆ ಸುತ್ತಬೇಕು, ಹಾವಿನ ಭಯವಿರುವುದರಿಂದ ಕಾಲಿಗೆ ಬೂಟಿರಬೇಕು, ಹೊಲದೊಡೆಯನನ್ನು ಮೊದಲೇ ಕೇಳಿರಬೇಕು. ಬೀದಿದೀಪವು ಬೇಡವೆಂದು ಯಾರೂ ಹೇಳಲಾರರು. ಅದರ ತಲೆಗೊಂದು ತಗಡಿನ ಮುಚ್ಚಳವಿಟ್ಟು ಬೆಳಕನ್ನು ಬೀದಿಗೇ ಇಳಿಸಿದರೆ ನಡೆಯುವವನಿಗೆ ದಾರಿಯೂ ಕಾಣುವುದು, ಅರುಂಧತಿಯೂ ಉಳಿಯುವಳು.