ತಂದೆಯವರ ದೊಡ್ಡ ಕಾರು

ಅಮೆರಿಕದ ಹಳೆಯ ಕಾರು ಎಂದೊಡನೆ ಅನೇಕರ ಕಣ್ಣಿಗೆ ಕಟ್ಟುವುದು ಕ್ರೋಮಿಯಂ ಲೇಪದ ಥಳಕು, ಹಿಂಭಾಗದಲ್ಲಿ ಮೀನಿನ ರೆಕ್ಕೆಯಂತೆ ಮೇಲೆದ್ದ ತಗಡು, ಬೀದಿಯ ತಿರುವಿನಲ್ಲಿ ಹಿಡಿಸದಷ್ಟು ಉದ್ದದ ಮೈ. ನನಗಾದರೋ ಮೊದಲು ನೆನಪಾಗುವುದು ಕೆಸರು. ಆ ದೇಶದ ಕಾರುಗಳು ಹುಟ್ಟಿದ್ದೇ ಕೆಸರಿಗಾಗಿ ಎಂದರೆ ವಾಚಕರು ನಗಬಾರದು.

ಹೆನ್ರಿ ಫೋರ್ಡ್ 1908ರಲ್ಲಿ ‘ಮಾಡೆಲ್ ಟಿ’ಯನ್ನು ಹೊರತಂದಾಗ ಅಮೆರಿಕದ ಹಳ್ಳಿಗಾಡಿನ ರಸ್ತೆಗಳು ನಮ್ಮ ಮಲೆನಾಡಿನ ಗಾಡಿದಾರಿಗಳಿಗಿಂತ ಉತ್ತಮವಾಗಿರಲಿಲ್ಲ. ಮಳೆ ಬಂದರೆ ಗಾಲಿ ಹೂತುಹೋಗುವ ಮಣ್ಣು. ಕಾರು ಕೊಳ್ಳುವವನು ರೈತ. ದಾರಿಯಲ್ಲಿ ಕೆಟ್ಟರೆ ಅವನೇ ಬಿಚ್ಚಿ ಸರಿಪಡಿಸಿಕೊಳ್ಳಬೇಕು. ಆದಕಾರಣ ಕಾರು ನೆಲದಿಂದ ಎತ್ತರವಾಗಿತ್ತು, ಎಂಜಿನ್ ಸರಳವಾಗಿತ್ತು. 1927ರವರೆಗೆ ಅಂಥವು ಒಂದೂವರೆ ಕೋಟಿ ತಯಾರಾದವು. ಹಿಂದೆಯೇ ಬಂದ ಕಂಪೆನಿಗಳು ಒಂದೊಂದು ಸೌಕರ್ಯವನ್ನು ಕೂಡಿಸಿದವು. 1928ರ ಪ್ಲಿಮತ್ ನಾಲ್ಕು ಗಾಲಿಗೂ ಹೈಡ್ರಾಲಿಕ್ ಬ್ರೇಕನ್ನು ತಂದಿತು. 1929ರ ಷೆವರ್ಲೆ ಸಾಮಾನ್ಯರ ಕೈಗೆಟಕುವ ಬೆಲೆಗೆ ಆರು ಸಿಲಿಂಡರುಗಳನ್ನು ಕೊಟ್ಟಿತು. ಫೋರ್ಡರು 1932ರಲ್ಲಿ ಎಂಟು ಸಿಲಿಂಡರುಗಳ ವಿ-8 ಎಂಜಿನನ್ನೇ ಅಗ್ಗದ ಕಾರಿನಲ್ಲಿಟ್ಟರು. ಆದರೆ ಹೈಡ್ರಾಲಿಕ್ ಬ್ರೇಕಿಗೆ ಬರಲು 1939ರವರೆಗೆ ಕಾದದ್ದು ಬರಿಯ ಹಟಮಾರಿತನವೆಂದೇ ನನ್ನ ಅಭಿಪ್ರಾಯ.

ನಮ್ಮ ತಂದೆಯವರು ಚಿಕ್ಕಮಗಳೂರಿನಲ್ಲಿ ವೈದ್ಯರಾಗಿದ್ದರು. ಇಂಗ್ಲೆಂಡಿಗೆ ಹಿಂದಿರುಗುತ್ತಿದ್ದ ತೋಟದ ದೊರೆಯೊಬ್ಬರಿಂದ 1952ರಲ್ಲಿ ಅವರು 1939ರ ಅಮೆರಿಕನ್ ಕಾರೊಂದನ್ನು ಕೊಂಡರು. ಅದರ ಕಂಪೆನಿಯ ಹೆಸರನ್ನು ಹೇಳಲಾರೆ. ಹೇಳಿದರೆ ಉಳಿದ ಕಂಪೆನಿಗಳ ಅಭಿಮಾನಿಗಳು ಜಗಳಕ್ಕೆ ಬರುತ್ತಾರೆ. ಮನೆಯಲ್ಲಿ ಅದಕ್ಕೆ ‘ದೊಡ್ಡ ಕಾರು’ ಎಂದಷ್ಟೇ ಹೆಸರು, ಚಿಕ್ಕದೊಂದು ನಮ್ಮಲ್ಲಿ ಇಲ್ಲದಿದ್ದರೂ. ಕಪ್ಪು ಬಣ್ಣ, ಆರು ಸಿಲಿಂಡರು, ಆರು ವೋಲ್ಟಿನ ಬ್ಯಾಟರಿ. ಮಳೆಗಾಲದ ಬೆಳಿಗ್ಗೆ ಬ್ಯಾಟರಿ ನಿಟ್ಟುಸಿರಿಟ್ಟು ಸುಮ್ಮನಾಗುತ್ತಿತ್ತು. ಆಗ ಕಾಂಪೌಂಡರು ಪಂಚೆಯನ್ನು ಮೇಲೆ ಕಟ್ಟಿ ಹ್ಯಾಂಡಲ್ ತಿರುಗಿಸುತ್ತಿದ್ದರು. ಹೆಬ್ಬೆರಳನ್ನು ಹಿಡಿಕೆಯ ಸುತ್ತ ಸುತ್ತಬಾರದೆಂಬುದು ನಾನು ಕಲಿತ ಮೊದಲ ಯಂತ್ರಪಾಠ. ಎಂಜಿನ್ ಹಿಂದಕ್ಕೆ ಒದೆದರೆ ಬೆರಳು ಮುರಿಯುತ್ತದೆ.

1956ರ ಜುಲೈ ತಿಂಗಳ ಒಂದು ರಾತ್ರಿ ಬಾಬಾಬುಡನ್ ಗಿರಿಯ ಕಡೆಯ ತೋಟವೊಂದರಿಂದ ಆಳು ಓಡಿಬಂದ. ಕೂಲಿ ಲೈನಿನಲ್ಲಿ ಹೆಂಗಸೊಬ್ಬಳು ಬೆಳಗಿನಿಂದ ಹೆರಿಗೆಯ ನೋವು ತಿನ್ನುತ್ತಿದ್ದಳು. ಕಾಂಪೌಂಡರು ಜ್ವರದಿಂದ ಮಲಗಿದ್ದರು. ಟಾರ್ಚು ಹಿಡಿಯಲು ಜನ ಬೇಕೆಂದು ತಂದೆಯವರು ಹತ್ತು ವರ್ಷದ ನನ್ನನ್ನು ಎಬ್ಬಿಸಿದರು. ತಾಯಿಯವರ ಆಕ್ಷೇಪಣೆ ನಡೆಯಲಿಲ್ಲ.

ಆ ಕಾಲದ ಬಹುಪಾಲು ಅಮೆರಿಕನ್ ಕಾರುಗಳಲ್ಲಿ ಗಾಜು ಒರೆಸುವ ವೈಪರು ವಿದ್ಯುತ್ತಿನಿಂದ ನಡೆಯುತ್ತಿರಲಿಲ್ಲ. ಎಂಜಿನ್ ಗಾಳಿಯನ್ನು ಒಳಕ್ಕೆ ಎಳೆದುಕೊಳ್ಳುವ ಬಲದಿಂದ ನಡೆಯುತ್ತಿತ್ತು. ಆಕ್ಸಿಲರೇಟರ್ ಅದುಮಿದಷ್ಟೂ ಆ ಬಲ ಕುಗ್ಗುತ್ತದೆ. ಏರಿನಲ್ಲಿ, ಅಂದರೆ ಕಣ್ಣು ಅತ್ಯಂತ ಅಗತ್ಯವಾದ ಕಡೆಯಲ್ಲಿಯೇ, ವೈಪರು ನಿಂತುಬಿಡುತ್ತದೆ. ಅಂದು ತಂದೆಯವರು ಒಂದು ಕ್ಷಣ ಕಾಲು ಎತ್ತುವರು, ವೈಪರು ಎರಡು ಬಾರಿ ಬೀಸುವುದು, ಮುಂದಿನ ತಿರುವನ್ನು ನೋಡಿಕೊಳ್ಳುವರು, ಮತ್ತೆ ಅದುಮುವರು. ಕಾಲೆತ್ತಿದಾಗಲೆಲ್ಲ ಕಾರು ಕುಸಿದಂತಾಗುತ್ತಿತ್ತು. ‘ಮಗು, ನೀನು ಹೊರಗೆ ಬಗ್ಗಿ ಒರೆಸು’ ಎಂದರು. ಒಂದು ಕೈಯಿಂದ ಬಾಗಿಲನ್ನು ಹಿಡಿದು, ಇನ್ನೊಂದರಿಂದ ಹೊಗೆಸೊಪ್ಪಿನ ಗಂಟನ್ನು ಗಾಜಿಗೆ ಉಜ್ಜುತ್ತ ಹೋದೆ. ಹಾಗೆ ಉಜ್ಜಿದರೆ ನೀರು ಹನಿಗಟ್ಟದೆ ಹರಡಿ ಇಳಿಯುತ್ತದೆಂದು ಲಾರಿಯವರು ಕಲಿಸಿದ್ದರು. ಮಣ್ಣಿನ ದಾರಿಯಲ್ಲಿ ಎಷ್ಟೋ ಕಡೆ ಗಾಲಿ ಜಾರಿತು. ಕಾರು ಮಾತ್ರ ಎಲ್ಲಿಯೂ ತಳ ಊರಿ ಕೂರಲಿಲ್ಲ.

ತಾಯಿ ಉಳಿದಳು. ಮಗು ನಾವು ತಲುಪುವ ಮೊದಲೇ ಹೋಗಿತ್ತು.

ಇಳಿಯುವಾಗ ತಂದೆಯವರು ಎರಡನೆಯ ಗೇರಿನಲ್ಲಿಟ್ಟು ಕಾಲನ್ನು ಪೂರ್ತಿ ಎತ್ತಿಬಿಟ್ಟಿದ್ದರು. ಈಗ ವೈಪರಿಗೆ ಬಲ ತುಂಬಿ ಬಂದಿತ್ತು. ಹುಚ್ಚು ಹಿಡಿದಂತೆ ಪಟಪಟನೆ ಬಡಿಯುತ್ತಿತ್ತು. ಊರು ಬರುವವರೆಗೆ ಅವರು ಒಂದು ಮಾತನ್ನೂ ಆಡಲಿಲ್ಲ.

ಭಾರತದಲ್ಲಿ ಈ ಕಾರುಗಳ ಯುಗ ಆ ವೇಳೆಗೆ ಮುಗಿಯುತ್ತ ಬಂದಿತ್ತು. ಬಿಡಿಭಾಗಗಳನ್ನು ಇಲ್ಲಿಯೇ ತಯಾರಿಸುವ ಯೋಜನೆಯಿಲ್ಲದವರು ಬರಿಯ ಜೋಡಣೆಯನ್ನು ನಿಲ್ಲಿಸಬೇಕೆಂದು 1953ರಲ್ಲಿ ಸರಕಾರದ ನೀತಿಯಾಯಿತು. 1928ರಿಂದ ಮುಂಬಯಿಯಲ್ಲಿ ಕಾರು ಜೋಡಿಸುತ್ತಿದ್ದ ಜನರಲ್ ಮೋಟರ್ಸ್ 1954ರಲ್ಲಿ ಬಾಗಿಲು ಹಾಕಿತು. ಅಲ್ಲಿಂದ ಮುಂದೆ ಆ ಕಾರುಗಳನ್ನು ಬದುಕಿಸಿದವರು ನಮ್ಮ ಮೇಸ್ತ್ರಿಗಳು. ನಮ್ಮೂರಿನ ಮೇಸ್ತ್ರಿಗೆ ಇಂಗ್ಲಿಷಿನ ಒಂದಕ್ಷರ ಬಾರದು. ಷೆವರ್ಲೆ ಅವನ ಬಾಯಲ್ಲಿ ‘ಚವರ್ಲೆಟ್ಟು’. ಆದರೆ ಬೇರಿಂಗಿಗೆ ಬಿಳಿಲೋಹವನ್ನು ಕಾಯಿಸಿ ಎರೆದು, ನೀಲಿಬಣ್ಣ ಹಚ್ಚಿ, ತಾಗಿದ ಕಡೆಯನ್ನಷ್ಟೇ ಹೆರೆದು ಹೆರೆದು ಕೂರಿಸುತ್ತಿದ್ದ. ಆ ಕೆಲಸ ಮೂರು ದಿನ ಹಿಡಿದರೆ ಮೂರು ದಿನವೂ ನಾನು ಶಾಲೆಯಿಂದ ನೇರವಾಗಿ ಅವನ ಷೆಡ್ಡಿಗೆ ಹೋಗುತ್ತಿದ್ದೆ.

ಅತ್ತ ಅಮೆರಿಕದಲ್ಲಿ ಕಾರು ಬೇರೆ ಜಾಡು ಹಿಡಿಯಿತು. ರಸ್ತೆಗಳು ನುಣುಪಾದಂತೆ ಕಾರುಗಳು ತಗ್ಗಾದವು, ಉದ್ದವಾದವು. ಯುದ್ಧವಿಮಾನವೊಂದರ ಬಾಲವನ್ನು ನೋಡಿ 1948ರ ಕ್ಯಾಡಿಲಾಕಿಗೆ ಇಟ್ಟ ಪುಟ್ಟ ರೆಕ್ಕೆ, 1959ರ ವೇಳೆಗೆ ಗೋಪುರವಾಯಿತು. 1955ರ ಷೆವರ್ಲೆಯನ್ನು ನಾನು ಈಗಲೂ ಮೆಚ್ಚುತ್ತೇನೆ. ಹೊಸ ವಿ-8 ಎಂಜಿನ್, ಹನ್ನೆರಡು ವೋಲ್ಟು, ಹಿತಮಿತವಾದ ಮೈಕಟ್ಟು. ಅನಂತರದ ರೆಕ್ಕೆಗಳ ಮುಂದೆ ನಿಂತು ಜನ ಚಿತ್ರ ತೆಗೆಸಿಕೊಳ್ಳುವುದನ್ನು ಕಂಡಾಗ ಬೇಸರವಾಗುತ್ತದೆ.

ಇಷ್ಟನ್ನೇ ಬರೆದು ನಿಲ್ಲಿಸಿದರೆ ನಾನು ಅಪ್ರಾಮಾಣಿಕನಾಗುತ್ತೇನೆ. 1961ರಲ್ಲಿ ನನ್ನ ಸೋದರಮಾವ ತಮ್ಮ ಕಾರಿನಲ್ಲಿ, ಅದೂ ಒಂದು ಹಳೆಯ ಅಮೆರಿಕನ್ ಕಾರೇ, ದಾರಿಯ ಮರಕ್ಕೆ ಬಡಿದರು. ಬಂಪರು ಬಾಗಿತ್ತು, ಒಂದು ದೀಪ ಒಡೆದಿತ್ತು. ‘ಎಂಥ ಗಟ್ಟಿ ಕಾರು ನೋಡಿ, ಏನೂ ಆಗಿಲ್ಲ’ ಎಂದು ನೆರೆದವರು ಹೇಳುತ್ತಿದ್ದರು. ಒಳಗೆ ಸ್ಟಿಯರಿಂಗಿನ ಉಕ್ಕಿನ ಕಂಬ ಎದೆಗೆ ಹೊಡೆದು ಮಾವ ಅಲ್ಲಿಯೇ ತೀರಿಕೊಂಡಿದ್ದರು. ಕಾರು ಬಾಗದಿದ್ದರೆ ಪೆಟ್ಟು ಕೂತವನ ಮೈಗೇ ಬರುತ್ತದೆಂಬುದು ನಮಗಾರಿಗೂ ಹೊಳೆದಿರಲಿಲ್ಲ. ರಾಲ್ಫ್ ನೇಡರ್ ಈ ವಿಷಯವಾಗಿ ಪುಸ್ತಕ ಬರೆದದ್ದು 1965ರಲ್ಲಿ. ಅಮೆರಿಕದಲ್ಲಿ ಸುರಕ್ಷತೆಯ ಕಾಯಿದೆಯಾದದ್ದು 1966ರಲ್ಲಿ. ಪೆಟ್ಟಿಗೆ ಕುಗ್ಗಿಕೊಡುವ ಕಂಬ ಅದರ ಆಸುಪಾಸಿನಲ್ಲಿಯೇ ಬಂದಿತು. ಹಳೆಯ ಕಾರುಗಳು ಈಗಿನವುಗಳಿಗಿಂತ ಗಟ್ಟಿ ಎಂದು ಯಾರಾದರೂ ಹೊಗಳಿದರೆ ನಾನು ಎದ್ದುಹೋಗುತ್ತೇನೆ.

ತಂದೆಯವರು ದೊಡ್ಡ ಕಾರನ್ನು 1966ರಲ್ಲಿ ಮಾರಿ ಫಿಯೆಟ್ ಕೊಂಡರು. ಗ್ಯಾಲನ್ನಿಗೆ ಹದಿನೈದು ಮೈಲಿಯೂ ಕೊಡದ ಕಾರನ್ನು ಸಾಕುವುದು ಅಸಾಧ್ಯವಾಗಿತ್ತು. ಕೊಂಡ ಮರದ ವ್ಯಾಪಾರಿ ಅದರ ಹಿಂಭಾಗವನ್ನು ಕತ್ತರಿಸಿ ಹಲಗೆ ಹೊಡೆಸಿದ. ಮೂರು ವರ್ಷದ ಮೇಲೆ ಕಡೂರಿನ ದಾರಿಯಲ್ಲಿ, ನಾನು ಫಿಯೆಟ್ಟಿನಲ್ಲಿ ತಂದೆಯವರ ಪಕ್ಕದಲ್ಲಿದ್ದಾಗ, ತೇಗದ ದಿಮ್ಮಿ ಹೇರಿಕೊಂಡು ಅದು ಮುಂದೆ ಹೋಗುತ್ತಿತ್ತು. ರಸ್ತೆ ಅಗಲವಾಗಿತ್ತು, ಎದುರಿಗೆ ವಾಹನವಿರಲಿಲ್ಲ. ಆದರೂ ತಂದೆಯವರು ಹಾರನ್ ಮಾಡಲಿಲ್ಲ. ಕಡೂರಿನವರೆಗೂ ಅದರ ಹೊಗೆಯ ಹಿಂದೆಯೇ ನಿಧಾನವಾಗಿ ಹೋದರು.