ಬುರಾನೊ ದ್ವೀಪದ ಲೇಸು

ರವಕೆಯ ತೋಳಿಗೂ ಮಗುವಿನ ಅಂಗಿಯ ಅಂಚಿಗೂ ಲೇಸನ್ನು ಹಚ್ಚುವ ರೂಢಿಯು ನಮ್ಮ ಮನೆಗಳಿಗೆ ಹೊಸದಲ್ಲ. ಕನ್ನಡದಲ್ಲಿ ಲೇಸೆಂದರೆ ಒಳಿತು. ಇಂಗ್ಲಿಷಿನಿಂದ ಬಂದ ಲೇಸಾದರೋ ನೂಲಿನ ಜಾಲರಿ. ಇವೆರಡು ಶಬ್ದಗಳಿಗೆ ಸಂಬಂಧವೇನೂ ಇಲ್ಲ. ಆದರೂ ಆ ಜಾಲರಿಯು ಒಂದು ಊರಿಗೆ ನಿಜವಾಗಿಯೇ ಲೇಸನ್ನು ಮಾಡಿತು, ಹಸಿದವರಿಗೆ ಅನ್ನವನ್ನಿಕ್ಕಿತು. ಆ ಊರೇ ಇಟಲಿ ದೇಶದ ವೆನಿಸ್ ಪಟ್ಟಣಕ್ಕೆ ಸಮೀಪದಲ್ಲಿರುವ ಬುರಾನೊ.

ವೆನಿಸ್ಸಿನ ಉತ್ತರದ ದಂಡೆಯಲ್ಲಿ ಯಂತ್ರದ ದೋಣಿಯನ್ನೇರಿ, ಆಳವಿಲ್ಲದ ಕಡಲ ಹಿನ್ನೀರಿನ ಮೇಲೆ ಸುಮಾರು ಮುಕ್ಕಾಲು ಗಂಟೆ ಸಾಗಿದರೆ ಈ ದ್ವೀಪವನ್ನು ಸೇರಬಹುದು. ದೂರದಿಂದ ಮೊದಲು ಕಾಣುವುದು ಒಂದು ಕಡೆಗೆ ವಾಲಿ ನಿಂತಿರುವ ಗಂಟೆಯ ಗೋಪುರ. ಒಳಗೆ ಕಾಲಿಟ್ಟರೆ ಕಾಲುವೆಗಳ ಎರಡು ದಡಗಳಲ್ಲಿಯೂ ಕೆಂಪು, ಹಳದಿ, ನೀಲಿ, ಹಸುರು ಬಣ್ಣಗಳನ್ನು ಬಳಿದ ಪುಟ್ಟ ಮನೆಗಳು; ಅವುಗಳ ಮುಂದೆ ಕಟ್ಟಿಹಾಕಿದ ದೋಣಿಗಳು. ಗಂಡಸರು ಬಲೆಯನ್ನು ಬೀಸುವುದು, ಹೆಂಗಸರು ಸೂಜಿಯಿಂದ ಲೇಸನ್ನು ಹೆಣೆಯುವುದು, ಇದು ಈ ಊರಿನ ಹಿಂದಿನ ಬಾಳುವೆ.

ನಮ್ಮ ಧಾರವಾಡದ ಕಸೂತಿಗೆ ಬಟ್ಟೆಯೇ ಆಧಾರ. ಅದರ ಎಳೆಗಳನ್ನೆಣಿಸಿ ಗವಂತಿ, ಮುರ್ಗಿ ಹೊಲಿಗೆಗಳನ್ನು ಹಾಕುತ್ತಾರೆ. ಬುರಾನೊದ ಲೇಸಿಗೆ ಕೊನೆಯಲ್ಲಿ ಬಟ್ಟೆಯೇ ಉಳಿಯದು. ಆದುದರಿಂದಲೇ ಇಟಲಿಯವರು ಈ ಬಗೆಯ ಕೆಲಸವನ್ನು ‘ಪುಂತೊ ಇನ್ ಆರಿಯ’, ಅಂದರೆ ಗಾಳಿಯಲ್ಲಿ ಹಾಕಿದ ಹೊಲಿಗೆ, ಎಂದು ಕರೆದರು. ಕಾಗದದ ಮೇಲೆ ಬರೆದ ಚಿತ್ರವನ್ನು ಬಟ್ಟೆಯ ಪದರಗಳ ಮೇಲಿಟ್ಟು, ಗೆರೆಗಳ ಉದ್ದಕ್ಕೂ ದಾರವನ್ನು ಹೊಲಿದು ಕೂರಿಸುವರು. ಬಳಿಕ ತೊಡೆಯ ಮೇಲೆ ದುಂಡು ದಿಂಬನ್ನಿರಿಸಿಕೊಂಡು, ಆ ದಾರದಿಂದ ಈ ದಾರಕ್ಕೆ ಸೂಜಿಯನ್ನು ಆಡಿಸುತ್ತ, ಕೆಳಗಣ ಬಟ್ಟೆಯನ್ನು ಚುಚ್ಚದೆ, ಹೂವು ಎಲೆಗಳನ್ನು ತುಂಬುವರು. ಎಲ್ಲ ಮುಗಿದಮೇಲೆ ಪದರಗಳ ನಡುವಿನ ಹೊಲಿಗೆಯನ್ನು ಕತ್ತರಿಸಿದರೆ ಲೇಸು ಬಿಡಿಯಾಗಿ ಕೈಗೆ ಬರುವುದು. ಒಬ್ಬೊಬ್ಬಳು ಒಂದೊಂದು ಹೊಲಿಗೆಯಲ್ಲಿ ನಿಪುಣಳು. ಅಂಗೈಯಗಲದ ತುಂಡೂ ಹಲವರ ಕೈಗಳನ್ನು ದಾಟಿ ಪೂರ್ಣವಾಗಬೇಕು.

16ನೆಯ ಶತಮಾನದಲ್ಲಿ ಈ ಕಲೆಯು ವೆನಿಸ್ಸಿನಲ್ಲಿ ಬೆಳಗಿತು. ರಾಜ್ಯಾಧ್ಯಕ್ಷನ ಪತ್ನಿಯಾದ ಮೊರೊಸಿನಾ ಮೊರೊಸಿನಿ ಎಂಬಾಕೆಯು 130 ಮಂದಿ ಹೆಂಗಸರನ್ನು ಲೇಸಿನ ಕೆಲಸಕ್ಕೆ ಇರಿಸಿಕೊಂಡಿದ್ದಳು. ಆಗ ಲೇಸು ಸ್ತ್ರೀಯರ ಸೊತ್ತು ಮಾತ್ರವಾಗಿರಲಿಲ್ಲ; ದೊರೆಗಳೂ ಸರದಾರರೂ ಕೊರಳಪಟ್ಟಿಗೂ ತೋಳಿನ ತುದಿಗೂ ಅದನ್ನು ಧರಿಸುತ್ತಿದ್ದರು. ಫ್ರಾನ್ಸಿನ ಶ್ರೀಮಂತರ ಹಣವು ಹೀಗೆ ವೆನಿಸ್ಸಿಗೆ ಹರಿದುಹೋಗುವುದನ್ನು ಕಂಡು, ಹದಿನಾಲ್ಕನೆಯ ಲೂಯಿ ದೊರೆಯ ಮಂತ್ರಿ ಕೋಲ್ಬೇರನು 1665ರಲ್ಲಿ ತಮ್ಮ ದೇಶದಲ್ಲಿಯೇ ಲೇಸಿನ ಕಾರ್ಖಾನೆಗಳನ್ನು ತೆರೆಯಿಸಿ, ವೆನಿಸ್ಸಿನ ಕೆಲಸಗಾರ್ತಿಯರನ್ನೂ ಕರೆಯಿಸಿಕೊಂಡನು. ಕಲೆಗೆ ಕಾಲಿರುವುದು ಕಲಿತವರಿಂದಲ್ಲವೆ! ವೆನಿಸ್ಸಿನ ವ್ಯಾಪಾರವು ಕುಗ್ಗತೊಡಗಿತು. 1797ರಲ್ಲಿ ಆ ಗಣರಾಜ್ಯವೇ ಬಿದ್ದುಹೋಯಿತು. ಉಡುಪಿನ ರೀತಿಯೂ ಬದಲಾಯಿತು. ಬುರಾನೊದ ಹೊಲಿಗೆಯನ್ನು ಜನರು ಮರೆಯುತ್ತ ಬಂದರು.

1872ರ ಚಳಿಗಾಲವು ಅತಿ ಕಠೋರವಾಗಿತ್ತು. ಹಿನ್ನೀರು ಹೆಪ್ಪುಗಟ್ಟಿ, ಬಲೆಯಿಳಿಸಲು ಎಡೆಯಿಲ್ಲದೆ ಬೆಸ್ತರ ಮನೆಗಳಲ್ಲಿ ಒಲೆ ಉರಿಯದಾಯಿತು. ಆಗ ಪಾವುಲೊ ಫಾಂಬ್ರಿ ಎಂಬ ಗೃಹಸ್ಥನೂ ಆಂದ್ರಿಯಾನಾ ಮಾರ್ಚೆಲ್ಲೊ ಎಂಬ ಸರದಾರಿಣಿಯೂ ಲೇಸಿನ ಕೆಲಸವನ್ನು ಮತ್ತೆ ಎಬ್ಬಿಸಲು ಮುಂದಾದರು. ಆದರೆ ಬಲ್ಲವರೆಲ್ಲಿ? ಚೆಂಚಾ ಸ್ಕಾರ್ಪಾರಿಯೊಲಾ ಎಂದು ಕರೆಯಿಸಿಕೊಳ್ಳುತ್ತಿದ್ದ, ಎಪ್ಪತ್ತು ದಾಟಿದ ಒಬ್ಬ ಮುದುಕಿಯ ಕೈಯಲ್ಲಿ ಮಾತ್ರ ಆ ಹೊಲಿಗೆಯು ಉಳಿದಿತ್ತು. ಆಕೆಗೆ ಮಾಡುವುದು ಗೊತ್ತು; ಬಿಡಿಸಿ ಕಲಿಸುವುದು ಗೊತ್ತಿಲ್ಲ. ಊರಿನ ಶಾಲೆಯ ಉಪಾಧ್ಯಾಯಿನಿ ಆನ್ನಾ ಬೆಲ್ಲೋರಿಯೊ ದೆಸ್ತೆ ಮುದುಕಿಯ ಬಳಿಯಲ್ಲಿ ಕುಳಿತು, ಬೆರಳುಗಳ ಚಲನೆಯನ್ನೇ ನೋಡಿ ನೋಡಿ ಕಲಿತು, ಎಂಟು ಮಂದಿ ಹುಡುಗಿಯರಿಗೆ ಹೇಳಿಕೊಟ್ಟಳು. ಅದೇ ಬುರಾನೊದ ಲೇಸಿನ ಶಾಲೆಯಾಗಿ ಬೆಳೆಯಿತು; ಇಟಲಿಯ ರಾಣಿ ಮಾರ್ಗೆರೀತಾ ಅದಕ್ಕೆ ಆಶ್ರಯವಿತ್ತಳು.

ಆ ಶಾಲೆಯು 1970ರಲ್ಲಿ ಮುಚ್ಚಿತು. 1981ರಿಂದ ಅದೇ ಕಟ್ಟಡದಲ್ಲಿ ಲೇಸಿನ ವಸ್ತುಸಂಗ್ರಹಾಲಯವಿದೆ. ಗಾಜಿನ ಹಿಂದಿರುವ ಹಳೆಯ ತುಂಡುಗಳನ್ನು ನೋಡಿ ಹೊರಗೆ ಬಂದರೆ, ಅಂಗಡಿಗಳಲ್ಲಿ ಯಂತ್ರದ ಲೇಸು ಅಗ್ಗವಾಗಿ ಮಾರಾಟವಾಗುತ್ತಿರುತ್ತದೆ. ತಿಂಗಳುಗಟ್ಟಲೆ ಕುಳಿತು ಹೆಣೆದುದಕ್ಕೆ ತಕ್ಕ ಬೆಲೆಯನ್ನು ಕೊಡುವವರು ವಿರಳ. ಆದುದರಿಂದ ಕಲಿಯುವವರೂ ವಿರಳ.

ಬಟ್ಟೆಯನ್ನು ಪೆಟ್ಟಿಗೆಯಲ್ಲಿಟ್ಟು ಕಾಪಾಡಬಹುದು. ಕಲೆಯನ್ನು ಕಾಪಾಡಬೇಕಾದರೆ ಇನ್ನೊಂದು ಕೈ ಬೇಕು. ಬುರಾನೊದ ಅದೃಷ್ಟ ದೊಡ್ಡದು. ಮುದುಕಿಯು ಬದುಕಿರುವಾಗಲೇ ಕಲಿಯುವವಳು ಬಂದು ಪಕ್ಕದಲ್ಲಿ ಕುಳಿತಳು. ನಮ್ಮ ಮನೆಗಳಲ್ಲಿಯೂ ಕಸೂತಿಯನ್ನು ಬಲ್ಲ ಅಜ್ಜಿಯರುಂಟು. ಅವರ ಸೀರೆಯ ಸೆರಗನ್ನು ಮೆಚ್ಚಿ ಸುಮ್ಮನಾಗದೆ, ಕಣ್ಣು ಕಾಣುವಷ್ಟರಲ್ಲಿಯೇ ಅವರ ಪಕ್ಕದಲ್ಲಿ ಒಬ್ಬ ಮೊಮ್ಮಗಳನ್ನು ಕೂರಿಸುವುದು ಲೇಸು.