ಮಕ್ಕಳು ಓಡಾಡಿದ ಮರಳುದಾರಿ

ಲಂಡನ್ ಮಹಾನಗರದ ಆಗ್ನೇಯ ಅಂಚಿನಲ್ಲಿ, ಸೀಮೆಸುಣ್ಣದ ದಿಣ್ಣೆಗಳ ನಡುವೆ ಡೌನ್ ಎಂಬ ಪುಟ್ಟ ಹಳ್ಳಿಯಿದೆ. ಊರಿನಿಂದ ಸ್ವಲ್ಪ ದೂರದಲ್ಲಿ ಬಿಳಿ ಗೋಡೆಯ ದೊಡ್ಡ ಮನೆ. ಹಿತ್ತಿಲು ದಾಟಿ ನಡೆದರೆ ಮರಗಳ ತೋಪು. ಅದನ್ನು ಬಳಸಿ ಸಾಗುವ ಮರಳು ಹಾಸಿದ ಕಾಲುದಾರಿ. ಚಾರ್ಲ್ಸ್ ಡಾರ್ವಿನ್ ಸುಮಾರು ನಲವತ್ತು ವರ್ಷ ಬಾಳಿದ ‘ಡೌನ್ ಹೌಸ್’ ಇದೇ. 1842ರಲ್ಲಿ ಇಲ್ಲಿಗೆ ಬಂದ ಆತ 1882ರಲ್ಲಿ ಇಲ್ಲಿಯೇ ಕೊನೆಯುಸಿರೆಳೆದ.

ಜೀವವಿಕಾಸದ ಸಿದ್ಧಾಂತ ರೂಪುಗೊಂಡ ಮನೆಯೆಂದೊಡನೆ ಸದ್ದಿಲ್ಲದ ಆಶ್ರಮವೊಂದು ಕಣ್ಣಮುಂದೆ ಬರಬಹುದು. ಆದರೆ ಇದು ಮಕ್ಕಳ ಗದ್ದಲ ತುಂಬಿದ್ದ ಮನೆ. ಡಾರ್ವಿನ್ ದಂಪತಿಗೆ ಹತ್ತು ಮಂದಿ ಮಕ್ಕಳು. ಮೆಟ್ಟಿಲ ಮೇಲೆ ಜೋಡಿಸಿ ಜಾರಲೆಂದೇ ಮಾಡಿಸಿದ ಮರದ ಹಲಗೆಯಿತ್ತು. ಅಪ್ಪ ಸೂಕ್ಷ್ಮದರ್ಶಕದ ಮುಂದೆ ಕೂರುವ ಗಾಲಿಯ ಸ್ಟೂಲು ಬಿಡುವಾದಾಗ ಮಕ್ಕಳ ದೋಣಿಯಾಗುತ್ತಿತ್ತು; ಕೋಲೂರಿ ತಳ್ಳಿಕೊಂಡು ಕೋಣೆಯೆಲ್ಲ ಸುತ್ತುತ್ತಿದ್ದರು. ಸೋಫಾದ ಮೇಲೆ ಕುಣಿಯಬಾರದೆಂಬ ಕಟ್ಟಳೆಯಿತ್ತು. ಒಮ್ಮೆ ಒಳಬಂದ ಅಪ್ಪ, ಕುಣಿಯುತ್ತಿದ್ದ ಪುಟ್ಟ ಲಿಯೊನಾರ್ಡ್‌ಗೆ ಇದು ನಿಯಮಕ್ಕೆ ವಿರುದ್ಧವಲ್ಲವೇ ಎಂದಾಗ, ಹಾಗಿದ್ದರೆ ನೀವೇ ಕೋಣೆಯಿಂದ ಹೊರಗೆ ಹೋಗುವುದು ಒಳ್ಳೆಯದು ಎಂದು ಆತ ಉತ್ತರ ಕೊಟ್ಟನಂತೆ. ಇನ್ನೊಬ್ಬ ಮಗ ನಾಲ್ಕರ ಪ್ರಾಯದಲ್ಲಿ, ಕೆಲಸ ಬಿಟ್ಟು ಆಡಲು ಬಂದರೆ ಆರು ಪೆನ್ನಿ ಕೊಡುತ್ತೇನೆಂದು ಅಪ್ಪನಿಗೇ ಆಸೆ ತೋರಿಸಿದ್ದ.

ಈ ತಂದೆ ಮಕ್ಕಳನ್ನು ಮುದ್ದಿಸಿದ್ದಷ್ಟೇ ಅಲ್ಲ, ಗಮನವಿಟ್ಟು ನೋಡಿದ. ಚೊಚ್ಚಲ ಮಗ ವಿಲಿಯಂ ಹುಟ್ಟಿದ್ದು 1839ರ ಡಿಸೆಂಬರಿನಲ್ಲಿ, ಲಂಡನ್ನಿನಲ್ಲಿ. ಕೂಸಿನ ಸೀನು, ಆಕಳಿಕೆಗಳನ್ನೂ ಡಾರ್ವಿನ್ ಮೊದಲ ವಾರದಿಂದಲೇ ಟಿಪ್ಪಣಿ ಮಾಡಿಕೊಂಡ. ಏಳನೆಯ ದಿನ ಅಂಗಾಲಿಗೆ ಕಾಗದದ ಚೂರು ತಾಗಿಸಿದಾಗ ಮಗು ಥಟ್ಟನೆ ಕಾಲೆಳೆದುಕೊಂಡಿತು. ಐದು ತಿಂಗಳಾಗುವ ಮೊದಲೇ ಕನ್ನಡಿಯೊಳಗಿನ ಬಿಂಬಕ್ಕೆ ನಕ್ಕಿತು. ವರ್ಷ ತುಂಬುವ ಹೊತ್ತಿಗೆ ಊಟಕ್ಕೆ ತಾನೇ ಒಂದು ಮಾತು ಕಟ್ಟಿಕೊಂಡಿತು, ‘ಮಮ್’ ಎಂದು. ಕೂಸಿಗೆ ‘ಮಮ್ಮು’ ತಿನ್ನಿಸುವ ಕನ್ನಡದ ತಾಯಂದಿರಿಗೆ ಇದೇನೂ ಹೊಸತೆನಿಸದು. ಮೂರರ ಸಮೀಪದಲ್ಲಿ ಹುಡುಗ ಉಪ್ಪಿನಕಾಯಿಯ ರಸದ ಕಲೆಯಾದ ಅಂಗಿಯನ್ನು ಸುರುಟಿಕೊಂಡು ಕಳ್ಳನಂತೆ ಬಂದದ್ದನ್ನೂ ಅಪ್ಪ ಬರೆದಿಟ್ಟ. ಅವನಿಗೆ ಯಾವ ಶಿಕ್ಷೆಯನ್ನೂ ಕೊಟ್ಟಿರಲಿಲ್ಲ, ಒಳ್ಳೆಯ ಭಾವನೆಗಳನ್ನು ಮುಟ್ಟಿಯೇ ತಿದ್ದಿದೆವು, ಬಲುಬೇಗ ಸತ್ಯವಂತನಾದ ಎಂಬುದು ಆತನ ಷರಾ. ಈ ಟಿಪ್ಪಣಿಗಳು ಲೇಖನವಾಗಿ ಅಚ್ಚಾದದ್ದು 1877ರಲ್ಲಿ, ಮಗ ನಡುವಯಸ್ಸಿಗೆ ಸಮೀಪಿಸಿದಾಗ.

ಮರಳುದಾರಿಯ ಒಂದು ಸುತ್ತು ಸುಮಾರು ಕಾಲು ಮೈಲಿ. ನಡುಹಗಲಿನ ಹೊತ್ತಿಗೆ ಡಾರ್ವಿನ್ ಅಲ್ಲಿ ಸುತ್ತು ಹಾಕುತ್ತಿದ್ದ. ಲೆಕ್ಕ ತಪ್ಪದಿರಲೆಂದು ದಾರಿಯಲ್ಲಿ ಬೆಣಚುಕಲ್ಲುಗಳ ಗುಡ್ಡೆ. ಒಂದು ಸುತ್ತಿಗೆ ಒಂದು ಕಲ್ಲನ್ನು ಕಾಲಿನಿಂದ ಸರಿಸುತ್ತಿದ್ದ. ಮಕ್ಕಳ ಆಟಕ್ಕೂ ಅದೇ ತೋಪು. ದುಂಬಿಗಳು ಪ್ರತಿದಿನ ಒಂದೇ ಜಾಡಿನಲ್ಲಿ ಹಾರುತ್ತವೆಯೇ ಎಂಬ ಪ್ರಶ್ನೆ ಎದ್ದಾಗ ಐದಾರು ಮಕ್ಕಳನ್ನು ಒಂದೊಂದು ಕಡೆ ನಿಲ್ಲಿಸಿದ. ದುಂಬಿ ಹತ್ತಿರ ಸುಳಿದೊಡನೆ ಮಗು ಕೂಗಬೇಕು. ಕೂಗು ಒಬ್ಬರಿಂದೊಬ್ಬರಿಗೆ ಸಾಗಿದಂತೆ ದುಂಬಿಯ ದಾರಿ ತಿಳಿಯುತ್ತಿತ್ತು. ಮಕ್ಕಳಿಗೆ ಅದು ಆಟ, ತಂದೆಗೆ ಪ್ರಯೋಗ. ಎರಡರ ನಡುವೆ ಗೋಡೆ ಇರಲಿಲ್ಲ.

ಆದರೆ ಇದೇ ದಾರಿಯಲ್ಲಿ ದುಃಖದ ಹೆಜ್ಜೆಗಳೂ ಇವೆ. ಹಿರಿಯ ಮಗಳು ಆನಿ ಅಪ್ಪನ ಜೊತೆ ನಡೆಯಲು ಬಂದರೆ ಮುಂದೆ ಮುಂದೆ ಓಡಿ ಗಿರಕಿ ಹೊಡೆಯುತ್ತಿದ್ದಳು. 1851ರಲ್ಲಿ ಅವಳಿಗೆ ಕಾಯಿಲೆ ಬಲಿತು, ಚಿಕಿತ್ಸೆಗೆಂದು ಮಾಲ್ವರ್ನ್ ಎಂಬ ಊರಿಗೆ ಕರೆದೊಯ್ದರು. ತಾಯಿ ಎಮ್ಮಾ ತುಂಬು ಬಸುರಿ, ಮನೆಯಲ್ಲೇ ಉಳಿಯಬೇಕಾಯಿತು. ಮಗಳ ಹಾಸಿಗೆಯ ಬಳಿ ಕುಳಿತ ತಂದೆ ಅವಳ ಸ್ಥಿತಿಯನ್ನು ಮಡದಿಗೆ ಪತ್ರಗಳಲ್ಲಿ ತಿಳಿಸುತ್ತಿದ್ದ. ಏಪ್ರಿಲ್ 23ರಂದು ಆನಿ ತೀರಿಕೊಂಡಳು. ಅವಳಿಗೆ ಹತ್ತೇ ವರ್ಷ. ಒಂದು ವಾರದ ಬಳಿಕ ಆತ ಅವಳ ಗುಣ, ನಗು, ನಡಿಗೆಗಳನ್ನೆಲ್ಲ ಬರೆದಿಟ್ಟ. ಪ್ರಕಟಣೆಗೆಂದಲ್ಲ, ಮರೆಯದಿರಲೆಂದು.

ಅದಕ್ಕೂ ಮುಂಚೆ, ಡೌನ್‌ಗೆ ಬಂದ ಹೊಸದರಲ್ಲೇ ಹುಟ್ಟಿದ ಹೆಣ್ಣುಕೂಸು ಮೂರು ವಾರ ಬದುಕಿತ್ತಷ್ಟೆ. 1858ರಲ್ಲಿ ಕೊನೆಯ ಮಗ, ಒಂದೂವರೆ ವರ್ಷದ ಕಂದ, ಕೆಂಪುಜ್ವರಕ್ಕೆ ಬಲಿಯಾದ. ಆ ವರ್ಷದ ಜುಲೈ 1ರಂದು ಲಂಡನ್ನಿನ ಲಿನಿಯನ್ ಸೊಸೈಟಿಯಲ್ಲಿ ಡಾರ್ವಿನ್ ಮತ್ತು ವ್ಯಾಲೇಸರ ಪ್ರಬಂಧಗಳನ್ನು ಓದಲಾಯಿತು. ವಿಜ್ಞಾನದ ಇತಿಹಾಸದಲ್ಲಿ ಅದೊಂದು ದೊಡ್ಡ ದಿನ. ಡಾರ್ವಿನ್ ಮಾತ್ರ ಅಲ್ಲಿರಲಿಲ್ಲ. ಅಂದು ಡೌನ್‌ನಲ್ಲಿ ಆ ಮಗುವನ್ನು ಮಣ್ಣು ಮಾಡಲಾಯಿತು.

ಆತನನ್ನು ಕಾಡುತ್ತಿದ್ದ ಇನ್ನೊಂದು ಸಂಗತಿ ಕನ್ನಡ ನಾಡಿನ ಅನೇಕ ಕುಟುಂಬಗಳಿಗೂ ಹತ್ತಿರದ್ದು. ಎಮ್ಮಾ ಆತನ ಸೋದರಮಾವನ ಮಗಳು. ರಕ್ತಸಂಬಂಧದ ಮದುವೆಯಿಂದಲೇ ಮಕ್ಕಳು ಬಲಹೀನರಾದರೇ ಎಂಬ ಅಳುಕು ಆತನಿಗೆ ಇತ್ತು. ಸಸ್ಯಗಳಲ್ಲಿ ಸ್ವಕೀಯ ಪರಾಗಸ್ಪರ್ಶದ ದುಷ್ಪರಿಣಾಮಗಳನ್ನು ಆತನೇ ವರ್ಷಗಟ್ಟಲೆ ಪ್ರಯೋಗ ಮಾಡಿ ಕಂಡವನು. 1871ರ ಜನಗಣತಿಯಲ್ಲಿ ಇಂಥ ಮದುವೆಗಳ ಬಗ್ಗೆ ಪ್ರಶ್ನೆ ಸೇರಿಸಲು ಆತ ಪ್ರಯತ್ನಿಸಿದ, ಪಾರ್ಲಿಮೆಂಟು ಒಪ್ಪಲಿಲ್ಲ. ಮುಂದೆ ಮಗ ಜಾರ್ಜ್ ಅದೇ ವಿಷಯವನ್ನು ಅಧ್ಯಯನ ಮಾಡಿ 1875ರಲ್ಲಿ ಪ್ರಕಟಿಸಿದ. ಮನೆಯೊಳಗಿನ ಸಂಕಟವನ್ನೂ ಪ್ರಶ್ನೆಯಾಗಿ ಎದುರಿಸುವ ಧೈರ್ಯ ಆ ಮನೆಯಲ್ಲಿತ್ತು.

ಉಳಿದ ಏಳು ಮಕ್ಕಳು ಬೆಳೆದು ದೊಡ್ಡವರಾದರು. ಮಗಳು ಹೆನ್ರಿಯೆಟಾ ತಂದೆಯ ಹಸ್ತಪ್ರತಿಗಳನ್ನು ತಿದ್ದಿಕೊಟ್ಟಳು. ಜಾರ್ಜ್ ಖಗೋಳ ವಿಜ್ಞಾನಿಯಾದ, ಫ್ರಾನ್ಸಿಸ್ ಸಸ್ಯಶಾಸ್ತ್ರಜ್ಞನಾದ, ಹೊರೇಸ್ ವೈಜ್ಞಾನಿಕ ಉಪಕರಣಗಳ ತಯಾರಿಕೆಗೆ ಇಳಿದ. ಮೂವರೂ ರಾಯಲ್ ಸೊಸೈಟಿಯ ಸದಸ್ಯರಾದರು. ಎರೆಹುಳುಗಳ ಅಧ್ಯಯನದಲ್ಲಿ ಮನೆಮಂದಿಯೆಲ್ಲ ಭಾಗಿಗಳು. ಹುಳುಗಳಿಗೆ ಕಿವಿ ಕೇಳುತ್ತದೆಯೇ ಎಂದು ತಿಳಿಯಲು ಫ್ರಾನ್ಸಿಸ್ ಬಸೂನ್ ಎಂಬ ವಾದ್ಯ ಊದಿದ, ಹುಳುಗಳು ಮಿಸುಕಲಿಲ್ಲ. ಅವುಗಳ ಕುಂಡವನ್ನು ಪಿಯಾನೋ ಮೇಲೆಯೇ ಇಟ್ಟು ಬಾರಿಸಿದಾಗ ಸರಕ್ಕನೆ ಬಿಲ ಸೇರಿದವು. ಕಿವಿಯಿಲ್ಲದಿದ್ದರೂ ಕಂಪನ ಅವಕ್ಕೆ ತಿಳಿಯುತ್ತದೆ!

ಪಿತ್ರಾರ್ಜಿತ ಆಸ್ತಿ, ಮನೆತುಂಬ ಆಳುಗಳು ಇದ್ದುದರಿಂದಲೇ ಡಾರ್ವಿನ್ನನಿಗೆ ಅಷ್ಟೊಂದು ಬಿಡುವು ದೊರೆಯಿತೆಂಬುದು ನಿಜ. ದಿನವಿಡೀ ದುಡಿದು ದಣಿದು ಬರುವ ತಂದೆಗೆ ಆ ಅನುಕೂಲವಿಲ್ಲ. ಆದರೆ ಮಗುವಿನ ಪ್ರಶ್ನೆಗೆ ಕಿವಿಗೊಡಲು ಆಸ್ತಿ ಬೇಕಾಗಿಲ್ಲ.

‘ಜೀವಿಸಂಕುಲಗಳ ಉಗಮ’ ಗ್ರಂಥ 1859ರಲ್ಲಿ ಹೊರಬಂತು. ಅದರ ಕರಡು ಹಾಳೆಗಳಲ್ಲಿ ಹೆಚ್ಚಿನವು ಕಳೆದುಹೋಗಿವೆ. ಉಳಿದ ಕೆಲವು ಹಾಳೆಗಳು ಉಳಿದದ್ದು ಅವುಗಳ ಹಿಂಬದಿಯಲ್ಲಿ ಮಕ್ಕಳು ಬಣ್ಣದ ಚಿತ್ರ ಬರೆದಿದ್ದರಿಂದ. ಒಂದರಲ್ಲಿ ಹಣ್ಣು ತರಕಾರಿಗಳನ್ನೇರಿದ ಸೈನಿಕರು ಕಾದಾಡುತ್ತಿದ್ದಾರೆ. ಮನೆಯವರು ಜೋಪಾನ ಮಾಡಿದ್ದು ಮಕ್ಕಳ ಕೈಬರಹವನ್ನು. ಅದರ ಬೆನ್ನಿಗೆ ಮಹಾಗ್ರಂಥದ ತುಣುಕೂ ಉಳಿಯಿತು.

ಡೌನ್ ಹೌಸ್ 1996ರಿಂದ ಇಂಗ್ಲಿಷ್ ಹೆರಿಟೇಜ್ ಸಂಸ್ಥೆಯ ಆರೈಕೆಯಲ್ಲಿದೆ. ಬಂದವರು ಓದುಕೋಣೆ ನೋಡಿ ಹಿತ್ತಿಲಿಗಿಳಿದು ಮರಳುದಾರಿಯಲ್ಲಿ ಒಂದು ಸುತ್ತು ನಡೆಯಬಹುದು. ಜೊತೆಗೆ ಬಂದ ಮಕ್ಕಳು ಮುಂದೆ ಓಡಿದರೆ ಗದರಬೇಕಿಲ್ಲ. ಆ ದಾರಿಗೆ ಅದು ರೂಢಿಯಾದದ್ದೇ.